ಅಭಿಪ್ರಾಯ ಪ್ರಬಂಧ: ಪಾಯಿಂಟ್ ಇದ್ದರೂ ಓದುಗರು ಯಾಕೆ ಒಪ್ಪಲ್ಲ?

ಮಕ್ಕಳಿಗೆ ಹೋಮ್‌ವರ್ಕ್ ಕಡಿಮೆ ಮಾಡಬೇಕು ಅಂತ ಪ್ರಬಂಧ ಬರೆದಿದ್ದೀರಿ. ಪಾಯಿಂಟ್ ಎಲ್ಲ ಇವೆ, ಆದರೂ ಓದಿದವರು ಒಪ್ಪುತ್ತಿಲ್ಲ, ಯಾಕೆ ಅಂತ ಕೇಳಿದ್ದೀರಿ. ನಿಮ್ಮ ಕರಡನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ನಿಲುವು. 'ಹೋಮ್‌ವರ್ಕ್‌ನಿಂದ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ' ಅನ್ನುವುದು ನಿಲುವಲ್ಲ. 'ಐದನೇ ತರಗತಿವರೆಗೆ ಓದುವುದೊಂದು ಬಿಟ್ಟು ಬೇರೆ ಹೋಮ್‌ವರ್ಕ್ ಬೇಡ' ಅನ್ನಿ, ಅದು ನಿಲುವು. ಕೇಳಿದವರಲ್ಲಿ ಒಬ್ಬರಾದರೂ 'ಅದು ಹೇಗೆ?' ಅನ್ನಬೇಕು. ಎಲ್ಲರೂ ಒಪ್ಪಿರುವ ಮಾತಿಗೆ ಪ್ರಬಂಧ ಯಾಕೆ, ಅಲ್ವಾ?

ಈಗ ನಿಮ್ಮ ಎರಡನೇ ಪ್ಯಾರಾ ನೋಡಿ. 'ಮಕ್ಕಳು ರಾತ್ರಿ ತಡವಾಗಿ ಕೂತು ಬರೆಯುತ್ತಾರೆ. ಆದ್ದರಿಂದ ಹೋಮ್‌ವರ್ಕ್ ಕಡಿಮೆ ಮಾಡಬೇಕು.' ಓದುಗ ಏನಂತಾನೆ? 'ಬರೆದರೆ ಬರೀಲಿ ಬಿಡಿ, ಕಲಿಯುತ್ತಾರಲ್ಲ.' ಕಾರಣಕ್ಕೂ ನಿಲುವಿಗೂ ನಡುವಿನ ಕೊಂಡಿ ನಿಮ್ಮ ತಲೆಯಲ್ಲಿದೆ, ಹಾಳೆ ಮೇಲಿಲ್ಲ. ಸ್ಟೀಫನ್ ಟೂಲ್ಮಿನ್ ಅನ್ನುವ ಬ್ರಿಟಿಷ್ ತತ್ವಜ್ಞಾನಿ 1958ರಲ್ಲೇ ವಾದವನ್ನು ಹೀಗೆ ಬಿಡಿಸಿ ತೋರಿಸಿದರು: ಹೇಳಿಕೆ, ಅದಕ್ಕೆ ಆಧಾರ, ಎರಡನ್ನೂ ಸೇರಿಸುವ ಕೊಂಡಿ. ನಾವು ಜಾಸ್ತಿ ಬಿಟ್ಟುಬಿಡುವುದು ಈ ಮೂರನೆಯದನ್ನೇ. ಇಲ್ಲಿ ಆ ಕೊಂಡಿ ನಿದ್ದೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ವೈದ್ಯರ ಸಂಘಟನೆ ಹೇಳುತ್ತದೆ. ನಿದ್ದೆಗೆಟ್ಟ ಮಗುವಿಗೆ ಮರುದಿನದ ಪಾಠ ತಲೆಗೆ ಹತ್ತುವುದಿಲ್ಲ. ಈ ಎರಡು ವಾಕ್ಯ ಸೇರಿಸಿ, 'ಕಲಿಯುತ್ತಾರಲ್ಲ' ಅನ್ನುವವರಿಗೆ ಅಲ್ಲೇ ಉತ್ತರ ಸಿಗುತ್ತದೆ.

ಎದುರು ವಾದಕ್ಕೆ ನೀವು ಜಾಗವನ್ನೇ ಕೊಟ್ಟಿಲ್ಲ. ಅವರ ಅತಿ ಗಟ್ಟಿ ಮಾತನ್ನು ಮೊದಲು ಬರೆದುಕೊಳ್ಳಿ: 'ಅಭ್ಯಾಸ ಇಲ್ಲದೆ ಮಗ್ಗಿ ಹೇಗೆ ಬರುತ್ತೆ?' ಇದನ್ನು ಸುಮ್ನೆ ತಳ್ಳಿಹಾಕಬೇಡಿ. 'ಹೌದು, ಅಭ್ಯಾಸ ಬೇಕು' ಅಂತ ಒಪ್ಪಿ. ಆಮೇಲೆ ಹೇಳಿ: ತರಗತಿಯಲ್ಲೇ ಮಾಡಿಸಿದರೆ ತಪ್ಪನ್ನು ಅಲ್ಲೇ ತಿದ್ದಬಹುದು, ಮನೆಯಲ್ಲಾದರೆ ಮಗು ಇಪ್ಪತ್ತು ಲೆಕ್ಕವನ್ನೂ ಒಂದೇ ತಪ್ಪಿನಲ್ಲಿ ಮಾಡಿ ಮುಗಿಸಿರುತ್ತದೆ. ಅವರ ಮಾತಿಗೆ ಬೆಲೆ ಕೊಟ್ಟರೆ ಅವರೂ ನಿಮ್ಮ ಮಾತು ಕೇಳುತ್ತಾರೆ.

ಮೂರು ಕಾರಣ ಇರಲೇಬೇಕು ಅಂತ ಏನಿಲ್ಲ. ನಿಮ್ಮ ಮೂರನೇ ಕಾರಣ, ಬ್ಯಾಗಿನ ಭಾರ, ಬೇರೆಯದೇ ವಿಷಯ. ತೆಗೆದುಬಿಡಿ. ಉಳಿದ ಎರಡರಲ್ಲಿ ಗಟ್ಟಿಯಾದದ್ದು ಕೊನೆಗಿರಲಿ.

'ಇಂದಿನ ಆಧುನಿಕ ಯುಗದಲ್ಲಿ' ಅಂತ ಶುರು ಮಾಡಿದ್ದೀರಿ. ಅದೂ ಬೇಡ. ಪೀಠಿಕೆಯನ್ನು ಕೊನೆಗೇ ಬರೆಯಿರಿ, ಅಷ್ಟರಲ್ಲಿ ಏನು ಹೇಳಿದ್ದೀರಿ ಅಂತ ನಿಮಗೇ ಸರಿಯಾಗಿ ಗೊತ್ತಿರುತ್ತದೆ. ಪರೀಕ್ಷೆಯಲ್ಲಿ ಬರೆಯುವುದಾದರೆ ನಾಲ್ಕು ಸಾಲು ಜಾಗ ಬಿಟ್ಟು ಮುಂದಕ್ಕೆ ಹೋಗಿ. ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ 250 ಪದದ ಪ್ರಬಂಧಕ್ಕೆ ಸುಮಾರು 40 ನಿಮಿಷ ಇರುತ್ತದೆ. ಅದರಲ್ಲಿ ಏಳೆಂಟು ನಿಮಿಷ ಯೋಚನೆಗೇ ಹೋದರೂ ಗಾಬರಿ ಬೇಡ.

ಎರಡನೇ ಪ್ಯಾರಾ ಮಾತ್ರ ತಿದ್ದಿ ಇಲ್ಲಿ ಹಾಕಿ. ಪೂರ್ತಿ ಪ್ರಬಂಧ ಆಮೇಲೆ ನೋಡೋಣ.