ಓದುಗರ ಪ್ರಶ್ನೆ: ಅಂಗಳದಲ್ಲಿ ನಿಂತ ಮಾರುತ್

ಪ್ರಶ್ನೆ: ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಭಾರತದಲ್ಲೇ ತಯಾರಾದ ಜೆಟ್ ಯುದ್ಧವಿಮಾನ ಎಚ್‌ಎಫ್-24 ಮಾರುತ್ ನೋಡಿದೆ. ಚೂಪು ಮೂತಿ, ಹಿಂಬಾಗಿದ ರೆಕ್ಕೆ. ಇಷ್ಟು ಚೆಂದದ ವಿಮಾನವನ್ನು ನೆಲದ ಗುರಿಗಳ ಮೇಲಿನ ದಾಳಿಗಷ್ಟೇ ಏಕೆ ಬಳಸಿದರು? – ತುಮಕೂರಿನ ಓದುಗರು

ಉತ್ತರ: ಜರ್ಮನಿಯ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ತಂಡ ಅದನ್ನು ವಿನ್ಯಾಸ ಮಾಡಿದ್ದು ಮ್ಯಾಕ್ 2ಕ್ಕೆ, ಅಂದರೆ ಶಬ್ದದ ಎರಡು ಪಟ್ಟು ವೇಗಕ್ಕೆ. ನಂಬಿಕೊಂಡಿದ್ದ ಆರ್ಫಿಯಸ್ ಬಿಓಆರ್-12 ಎಂಜಿನ್, ಆಫ್ಟರ್‌ಬರ್ನರ್ (ಹೊರಹೋಗುವ ಬಿಸಿ ಅನಿಲಕ್ಕೆ ಮತ್ತೆ ಇಂಧನ ಸುರಿದು ಉರಿಸುವ ಸಾಧನ) ಹೊತ್ತಿಸಿದಾಗ 8,170 ಪೌಂಡ್ ನೂಕುಬಲ ಕೊಡಬೇಕಿತ್ತು. ಬ್ರಿಟನ್ ಅದನ್ನು ಕೈಬಿಟ್ಟಿತು. ಅಭಿವೃದ್ಧಿ ಮುಂದುವರಿಸಲು ಭಾರತ ಹಣ ಕೊಡಲಿಲ್ಲ. ಸಿಕ್ಕಿದ್ದು ಆಫ್ಟರ್‌ಬರ್ನರ್ ಇಲ್ಲದ ಆರ್ಫಿಯಸ್ 703, ತಲಾ 4,850 ಪೌಂಡ್‌ನವು ಎರಡು. ಅದಕ್ಕೇ ಆಫ್ಟರ್‌ಬರ್ನರ್ ಜೋಡಿಸಿ ನೋಡಿದರು. ಬಾಲದ ಭಾಗ ದಪ್ಪವಾಗಿ ಗಾಳಿಯ ಎಳೆತ ಹೆಚ್ಚಿತು, ಗಳಿಸಿದ ಬಲವನ್ನೆಲ್ಲ ಅದೇ ನುಂಗಿತು. 1961ರ ಜೂನ್ 17ರಂದು ಮಾರುತ್ ಅನ್ನು ಮೊದಲು ಹಾರಿಸಿದ ಸುರಂಜನ್ ದಾಸ್ 1970ರ ಜನವರಿ 10ರಂದು ತೀರಿಕೊಂಡದ್ದು ಇಂಥದೇ ಮಾದರಿಯ ಹಾರಾಟದಲ್ಲಿ. ಎಂಜಿನ್ ಸೋತರೂ ಒಡಲು ಗಟ್ಟಿ. ನೆಲಕ್ಕೆ ತೀರ ಹತ್ತಿರ ವೇಗವಾಗಿ ಹಾರಿದರೂ ಕದಲುತ್ತಿರಲಿಲ್ಲ. 1971ರ ಪಾಕಿಸ್ತಾನದೊಂದಿಗಿನ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಗುಂಡೇಟಿಗೆ ಒಂದು ಎಂಜಿನ್ ಹಾಳಾದರೂ ಇನ್ನೊಂದರಲ್ಲೇ ಮರಳಿ ಬಂದ ಮಾರುತ್‌ಗಳಿವೆ. ದಾಳಿ ವಿಮಾನಕ್ಕೆ ಇದಕ್ಕಿಂತ ದೊಡ್ಡ ಗುಣ ಬೇಕಿಲ್ಲ.

ಪ್ರಶ್ನೆ: ಮಾರುತ್‌ನ ಆಯುಧಗಳು ಎಲ್ಲಿರುತ್ತಿದ್ದವು? – ಹಾಸನದ ವಿದ್ಯಾರ್ಥಿನಿ

ಉತ್ತರ: ಮೂತಿಯಲ್ಲಿ 30 ಮಿ.ಮೀ.ನ ನಾಲ್ಕು ಏಡನ್ ಫಿರಂಗಿ, ಎಡಕ್ಕೆ ಎರಡು, ಬಲಕ್ಕೆ ಎರಡು. ಮುಂದಿನ ಚಕ್ರದ ಹಿಂದೆ, ಹೊಟ್ಟೆಯೊಳಗೆ ಮಡಚಿಕೊಳ್ಳುವ ಪೆಟ್ಟಿಗೆಯಲ್ಲಿ 68 ಮಿ.ಮೀ.ನ 50 ರಾಕೆಟ್. ರೆಕ್ಕೆಯಡಿ ಬಾಂಬುಗಳಿಗೆ ನಾಲ್ಕು ಕೊಕ್ಕೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಸೇವೆ ಮುಗಿಸಿದ ಜೆಟ್ ಒಂದು ಬಯಲಲ್ಲೇ ನಿಂತಿದೆ. ಪ್ರತಿವರ್ಷ ಬಣ್ಣ ಬಳಿದರೂ ಉಬ್ಬಿ ಏಳುತ್ತಿದೆ. – ದಾವಣಗೆರೆಯ ಉಪನ್ಯಾಸಕರು

ಉತ್ತರ: ಬಣ್ಣ ಬಳಿಯುವುದನ್ನು ಮೊದಲು ನಿಲ್ಲಿಸಿ. ಅಲ್ಯೂಮಿನಿಯಂಗೆ ಕೆಂಪು ತುಕ್ಕು ಹಿಡಿಯುವುದಿಲ್ಲ, ಬಿಳಿ ಪುಡಿ ಏಳುತ್ತದೆ. ಉಕ್ಕಿನ ಬೋಲ್ಟ್ ತಾಗುವ ಕಡೆ, ನೀರು ನಿಲ್ಲುವ ಕಡೆ ಅದು ಬೇಗ. ಹೊಟ್ಟೆಯಡಿ ನೀರು ಬಸಿಯಲೆಂದೇ ಸಣ್ಣ ತೂತುಗಳಿರುತ್ತವೆ. ಪದರದ ಮೇಲೆ ಪದರವಾಗಿ ಬಳಿದ ಎನಾಮೆಲ್ ಅವನ್ನು ಮುಚ್ಚಿರುತ್ತದೆ. ಮಳೆಗಾಲಕ್ಕೆ ಮುಂಚೆ ಎಲ್ಲವನ್ನೂ ಹುಡುಕಿ ಬಿಡಿಸಿ. ಬಿಳಿ ಪುಡಿಯನ್ನು ನೈಲಾನ್ ಬ್ರಷ್‌ನಿಂದ ತೆಗೆಯಿರಿ, ಉಕ್ಕಿನ ಬ್ರಷ್ ಬೇಡ: ಅದರ ಕಣಗಳು ಲೋಹದಲ್ಲಿ ಸಿಕ್ಕಿ ಹೊಸ ಕೊರೆತಕ್ಕೆ ಬೀಜವಾಗುತ್ತವೆ. ಆಮೇಲೆ ಅಲ್ಯೂಮಿನಿಯಂಗೆ ಹೊಂದುವ ಪ್ರೈಮರ್, ಅದರ ಮೇಲೆ ಬಣ್ಣ. ಸಂಖ್ಯೆ, ಗುರುತುಗಳ ಫೋಟೊ ಮೊದಲೇ ತೆಗೆದಿಡಿ.

ಪಾರಿವಾಳ ಒಳಹೊಗದಂತೆ ಗಾಳಿದ್ವಾರಗಳಿಗೆ ಜಾಲರಿ ಹಾಕಿ. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ. ಜ್ಯಾಕ್ ಕೊಡುವ ಜಾಗಗಳಲ್ಲಿ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ ಟೈರಿನ ಭಾರ ಇಳಿಸಿ. ಕಾಕ್‌ಪಿಟ್ ಮೇಲಿನ ಗಾಜು ನಿಜಕ್ಕೂ ಅಕ್ರಿಲಿಕ್. ಸ್ಪಿರಿಟ್ ಸೋಕಿದರೆ ಕೂದಲೆಳೆಯ ಬಿರುಕು ಬಿಡುತ್ತದೆ. ಮೆದು ಸಾಬೂನಿನ ನೀರು, ಹತ್ತಿ ಬಟ್ಟೆ ಸಾಕು. ಅಪಾಯದಲ್ಲಿ ಪೈಲಟ್‌ನನ್ನು ಹೊರಚಿಮ್ಮಿಸುವ ಆಸನ ಇನ್ನೂ ಒಳಗಿದ್ದರೆ, ಅದರ ಸ್ಫೋಟಕ ಕಾಟ್ರಿಡ್ಜ್ ತೆಗೆದಿರುವ ಬಗ್ಗೆ ವಿಮಾನ ಕೊಟ್ಟವರಿಂದ ಲಿಖಿತ ದೃಢೀಕರಣ ಪಡೆಯುವವರೆಗೆ ಯಾರನ್ನೂ ಕಾಕ್‌ಪಿಟ್‌ಗೆ ಹತ್ತಿಸಬೇಡಿ.