ವಿಕ್ಟೋರಿಯನ್ ಅನ್ವೇಷಕರ ವೇಷದಲ್ಲಿ ಬೆಟ್ಟ ಹತ್ತಲು ಉಡುಪನ್ನು ಬಾಡಿಗೆಗೆ ತರಬೇಕೆ, ಕೊಳ್ಳಬೇಕೆ?

ಎರಡೂ ಬೇಡ. ಅಕ್ಟೋಬರಿನಲ್ಲಿ ಗೆಳೆಯರೊಂದಿಗೆ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ವಾಸ್ಡೇಲ್ ಹೆಡ್ ಹಳ್ಳಿಯಿಂದ ಸ್ಕಾಫೆಲ್ ಪೈಕ್ ಬೆಟ್ಟ ಹತ್ತುವವರಿದ್ದೀರಿ. ಖಾಕಿ ಜಾಕೆಟ್ಟು, ಬೆಂಡಿನ ಟೋಪಿಗಳನ್ನು ನಾಟಕದ ಉಡುಪಿನ ಅಂಗಡಿಯಿಂದ ಬಾಡಿಗೆಗೆ ತರುವುದೋ ಕೊಳ್ಳುವುದೋ ಎಂದು ಕೇಳಿದ್ದೀರಿ. ಆಫ್ರಿಕಾವನ್ನು ಸುತ್ತಿದ ಅನ್ವೇಷಕರಲ್ಲಿ ನೀವು ಲಿವಿಂಗ್‌ಸ್ಟನ್ ಆಗಬೇಕೋ ಸ್ಟ್ಯಾನ್ಲಿ ಆಗಬೇಕೋ ಎಂದೂ, ನಿಮ್ಮ ಪತ್ನಿ ಉದ್ದ ಲಂಗದಲ್ಲಿ ನಡೆಯಬಲ್ಲರೇ ಎಂದೂ ಕೇಳಿದ್ದೀರಿ. ನಾನು ಇದೇ ದಾರಿಯಲ್ಲಿ, ಇದೇ ತಿಂಗಳಲ್ಲಿ, ಅಂಥದೇ ಅಂಗಡಿಯ ಖಾಕಿ ಜಾಕೆಟ್ಟು ತೊಟ್ಟು ಹೊರಟಿದ್ದವನು.

ಆಗ ನಾನು ಲೀಡ್ಸ್‌ನಲ್ಲಿದ್ದೆ. ಪರಿಚಯದ ಕೆಲವರು ಪ್ರತಿ ಶರತ್ಕಾಲದಲ್ಲಿ ಹಳೆಯ ಕಾಲದ ಉಡುಪಿನಲ್ಲಿ ಲೇಕ್ ಡಿಸ್ಟ್ರಿಕ್ಟ್‌ನ ಬೆಟ್ಟಗಳನ್ನು ಹತ್ತುತ್ತಿದ್ದರು. ತಂಡದ ಹಿರಿಯರಾದ ನಿವೃತ್ತ ಶಿಕ್ಷಕಿಯೊಬ್ಬರು ನನ್ನ ಜಾಕೆಟ್ಟನ್ನು ನೋಡಿ, ಅದರ ಬಣ್ಣವನ್ನಾಗಲಿ ಹೊಲಿಗೆಯನ್ನಾಗಲಿ ಕುರಿತು ಏನೂ ಹೇಳದೆ, ಬಟ್ಟೆ ಯಾವುದು ಎಂದಷ್ಟೇ ಕೇಳಿದರು. ಹತ್ತಿ ಎಂದೆ. ಒಳಗಿನ ಅಂಗಿಯನ್ನಾದರೂ ಉಣ್ಣೆಯದು ಹಾಕಿಕೊಳ್ಳಿ ಎಂದರು. ನಾನು ತೀರ್ಥಹಳ್ಳಿ ಕಡೆಯವನು, ಮಳೆ ನನಗೇನು ಹೊಸದೇ ಎಂದುಕೊಂಡು ಹತ್ತಿಯ ಅಂಗಿಯಲ್ಲೇ ಹೊರಟೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನೀವೂ ಅದರ ಬಾಗಿಲಲ್ಲಿ ನಿಂತಿದ್ದೀರಿ. ನಮ್ಮ ಮಲೆನಾಡಿನ ಮಳೆ ಎಷ್ಟೇ ಜೋರಾಗಿದ್ದರೂ ಗಾಳಿ ಅಷ್ಟು ತಣ್ಣಗಿರುವುದಿಲ್ಲ. ಒದ್ದೆ ಪಂಚೆಯಲ್ಲಿ ಮನೆಗೆ ಬಂದು ಬಚ್ಚಲೊಲೆಯ ಮುಂದೆ ಕುಳಿತರೆ ಎಲ್ಲವೂ ಸರಿಹೋಗುತ್ತದೆ. ಸ್ಕಾಫೆಲ್ ಪೈಕ್‌ನ ಎತ್ತರ 978 ಮೀಟರ್ ಮಾತ್ರ, ಮುಳ್ಳಯ್ಯನಗಿರಿಯ ಅರ್ಧದಷ್ಟು. ಆದರೆ ಅಕ್ಟೋಬರಿನಲ್ಲಿ ಅಲ್ಲಿ ಬೀಳುವ ಮಳೆ ಕೊರೆಯುವಷ್ಟು ತಣ್ಣಗಿರುತ್ತದೆ, ಜೊತೆಗೆ ಬಿಡದೆ ಬೀಸುವ ಗಾಳಿ. ಹತ್ತಿ ನೆನೆದಾಗ ನೂಲು ಮೆತ್ತಗಾಗಿ ಬಟ್ಟೆ ಮೈಗೆ ಅಂಟಿಕೊಳ್ಳುತ್ತದೆ. ಎಳೆಗಳ ನಡುವೆ ಇದ್ದ ಗಾಳಿಯ ಜಾಗವನ್ನು ನೀರು ತುಂಬುತ್ತದೆ. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಶಾಖವನ್ನು ಸಾಗಿಸುವುದರಿಂದ, ನೆನೆದ ಹತ್ತಿಯಂಗಿ ಮೈಯ ಬಿಸಿಯನ್ನು ನಿರಂತರವಾಗಿ ಹೊರಗೆ ಎಳೆಯುತ್ತಲೇ ಇರುತ್ತದೆ. ಉಣ್ಣೆಯ ಗುಣವೇ ಬೇರೆ. ಅದರ ಎಳೆ ಗುಂಗುರಾಗಿರುವುದರಿಂದ ಒದ್ದೆಯಾದರೂ ಸ್ವಲ್ಪ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಎಳೆಯ ಒಳಕ್ಕೆ ಹೀರಿಕೊಳ್ಳುತ್ತದೆ. ಹೀರುವಾಗ ಅಲ್ಪಸ್ವಲ್ಪ ಶಾಖವನ್ನೂ ಬಿಡುತ್ತದೆ. ಇದು ನನಗೆ ತಿಳಿಯದ ಸಂಗತಿಯೂ ಆಗಿರಲಿಲ್ಲ. ನನ್ನ ಅಜ್ಜ ಆಷಾಢದ ಮಳೆಯಲ್ಲಿ ಇಡೀ ದಿನ ಗದ್ದೆಯಲ್ಲಿ ನಿಲ್ಲುತ್ತಿದ್ದುದು ಕಂಬಳಿ ಕೊಪ್ಪೆಯ ಬಲದಿಂದ. ಕಣ್ಣಾರೆ ಕಂಡು ಬೆಳೆದ ಆ ತಿಳಿವಳಿಕೆಯನ್ನು ಬದಿಗಿಟ್ಟು, ಫೋಟೋದಲ್ಲಿ ಚೆನ್ನಾಗಿ ಕಾಣುವ ಜಾಕೆಟ್ಟನ್ನು ನಂಬಿದೆ.

ಸ್ಟೈ ಹೆಡ್ ಕಣಿವೆದಾರಿಯ ತುದಿ ಮುಟ್ಟುವ ಮೊದಲೇ ನೆನೆದಿದ್ದೆ. ಅಲ್ಲಿಂದ ಶಿಖರದ ಕಡೆಗೆ ಹೋಗುವ ಕಾರಿಡಾರ್ ರೂಟ್ ಎಂಬ ಕಾಲುದಾರಿ ಹಿಡಿದು ಪಿಯರ್ಸ್ ಗಿಲ್ ಕೊರಕಲಿನ ಹತ್ತಿರ ಬರುವ ಹೊತ್ತಿಗೆ ಬೆರಳುಗಳು ಗುಂಡಿ ಹಾಕಲು ಬಗ್ಗುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ನಂತರ ನಡುಕವೇ ನಿಂತಿತು. ಸುಧಾರಿಸಿಕೊಂಡೆ ಎಂದು ನಾನು ತಿಳಿದೆ. ನಿಜದಲ್ಲಿ ಅದು ಅಪಾಯದ ಗುರುತು. ಕೇಳಿದ ಪ್ರಶ್ನೆಗಳಿಗೆ ನಾನು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆನಂತೆ. ಆ ಶಿಕ್ಷಕಿ ತಕ್ಷಣ ಎಲ್ಲರನ್ನೂ ನಿಲ್ಲಿಸಿ, ಬಂಡೆಯ ಮರೆಯಲ್ಲಿ ನನ್ನ ಅಂಗಿ ಬಿಚ್ಚಿಸಿ, ತಮ್ಮ ಚೀಲದಲ್ಲಿದ್ದ ಉಣ್ಣೆಯ ಜೆರ್ಸಿಯನ್ನು ತೊಡಿಸಿ, ಸಿಹಿ ಚಹಾ ಕುಡಿಸಿದರು. ಇಡೀ ತಂಡ ಅಲ್ಲಿಂದಲೇ ಹಿಂದಿರುಗಿತು. ತಂಡದ ಒಬ್ಬರು ಹಳೆಯ ಹಿಪ್ಸೋಮೀಟರ್ ಒಂದನ್ನು, ಅಂದರೆ ನೀರು ಕುದಿಯುವ ತಾಪಮಾನದಿಂದ ಎತ್ತರವನ್ನು ಲೆಕ್ಕಹಾಕುವ ಉಪಕರಣವನ್ನು, ತಿಂಗಳುಗಟ್ಟಲೆ ದುರಸ್ತಿ ಮಾಡಿ, ಅದನ್ನು ಶಿಖರದಲ್ಲಿ ಪರೀಕ್ಷಿಸಬೇಕೆಂದೇ ಬಂದಿದ್ದರು. ಅದು ಪೆಟ್ಟಿಗೆಯಲ್ಲೇ ಉಳಿಯಿತು. ಮರುವರ್ಷ ಅವರ ಮಂಡಿ ಬೆಟ್ಟ ಹತ್ತಲು ಬಿಡಲಿಲ್ಲ. ನನ್ನ ಬೆರಳ ತುದಿಗಳ ಜೋಮು ವಾರಗಳಲ್ಲಿ ಹೋಯಿತು. ಅವರ ಆ ದಿನವನ್ನು ನಾನು ಹಿಂದಿರುಗಿಸಲಾರೆ.

ಆದ್ದರಿಂದ ಅಂಗಡಿಯ ವೇಷವನ್ನು ಮರೆತುಬಿಡಿ. ಆ ಕಾಲದವರು ತೊಟ್ಟದ್ದು ಕೆಲಸದ ಉಡುಪು, ಅದು ಕೆಲಸ ಮಾಡುತ್ತಿದ್ದುದು ಬಟ್ಟೆಯ ಗುಣದಿಂದ. ಹಳೆಯ ಬಟ್ಟೆ ಮಾರುವ ದತ್ತಿ ಅಂಗಡಿಗಳಲ್ಲಿ ಟ್ವೀಡ್ ಎಂಬ ದಪ್ಪ, ಒರಟು ಉಣ್ಣೆಬಟ್ಟೆಯ ಕೋಟು ಸಿಗುತ್ತದೆ. ಒಳಗಿನ ಚೀಟಿಯನ್ನು ಓದಿ, ಪೂರ್ತಿ ಉಣ್ಣೆಯದನ್ನೇ ಆರಿಸಿ. ದರ್ಜಿಯಿಂದ ಸೊಂಟದ ಪಟ್ಟಿ ಸೇರಿಸಿಸಿದರೆ 1860ರ ದಶಕದ ನಾರ್ಫೋಕ್ ಜಾಕೆಟ್ಟಿಗೆ ಸಾಕಷ್ಟು ಹತ್ತಿರವಾಗುತ್ತದೆ. ಉಣ್ಣೆಯ ಪ್ಯಾಂಟನ್ನು ಮಂಡಿಯ ಕೆಳಗೆ ಕತ್ತರಿಸಿ ನಿಕ್ಕರ್‌ಬಾಕರ್ ಮಾಡಿಸಿ, ಅದರ ಕೆಳಗೆ ಉದ್ದ ಉಣ್ಣೆಯ ಕಾಲುಚೀಲ ಹಾಕಿ. ಥಾಮಸ್ ಬರ್ಬರಿ 1879ರಲ್ಲಿ ರೂಪಿಸಿದ ಗ್ಯಾಬರ್ಡೀನ್‌ನಂಥ ಒತ್ತು ನೇಯ್ಗೆಯ ಬಟ್ಟೆ ಗಾಳಿ ತಡೆಯಲು ಹೊರಪದರವಾಗಿ ಒಳ್ಳೆಯದು, ಅದರಲ್ಲಿ ಹತ್ತಿ ಇದ್ದರೂ ನನ್ನ ತಕರಾರಿಲ್ಲ; ಮೈಗೆ ತಾಗುವ ಪದರ ಮಾತ್ರ ಹತ್ತಿಯದಾಗಿರಬಾರದು.

ಬೆಂಡಿನ ಟೋಪಿ ಬಿಸಿಲಿನ ದೇಶಗಳಿಗೆ ಮಾಡಿದ್ದು. ವಾಸ್ಡೇಲ್‌ನ ಗಾಳಿಗೆ ಅದು ಹಾರಿಹೋಗುತ್ತದೆ, ಮಳೆಗೆ ಉಬ್ಬುತ್ತದೆ, ಮೇಲಾಗಿ ಅಲ್ಲಿ ಹತ್ತುತ್ತಿದ್ದ ವಿಕ್ಟೋರಿಯನ್ನರು ಅದನ್ನು ತೊಡುತ್ತಲೂ ಇರಲಿಲ್ಲ. ಬಂಡೆಯೇರುವುದರಲ್ಲಿ ಹೆಸರಾದ ಹ್ಯಾಸ್ಕೆಟ್ ಸ್ಮಿತ್ 1886ರಲ್ಲಿ ಒಬ್ಬರೇ ನೇಪ್ಸ್ ನೀಡಲ್ ಎಂಬ ಸೂಜಿಬಂಡೆಯನ್ನು ಏರಿದ್ದು ಇದೇ ಕಣಿವೆಯ ಮೇಲೆ. ಹಾಗಿರುವಾಗ ಆಫ್ರಿಕಾದ ಉಡುಪನ್ನು ಇಲ್ಲಿಗೆ ತರುವ ಅಗತ್ಯವಾದರೂ ಏನು? ಟ್ವೀಡ್ ಟೋಪಿ ಸಾಕು. ಹಗ್ಗವನ್ನಂತೂ ಅಲಂಕಾರಕ್ಕೂ ಹಳೆಯ ಮಾದರಿಯದನ್ನು ನಂಬಬೇಡಿ. 1865ರ ಜುಲೈ 14ರಂದು ಪರ್ವತಾರೋಹಿ ವಿಂಪರ್ ಅವರ ತಂಡ ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಶಿಖರದಿಂದ ಇಳಿಯುವಾಗ ಹಗ್ಗ ತುಂಡಾಗಿ ನಾಲ್ವರು ಸತ್ತರು. ಇಂದಿನ ಮಳೆಕೋಟು, ನಕ್ಷೆ, ಹಣೆದೀಪಗಳು ಕ್ಯಾನ್ವಾಸ್ ಚೀಲದೊಳಗೆ ಇರಲೇಬೇಕು.

ನಿಮ್ಮ ಪತ್ನಿ ಧಾರಾಳವಾಗಿ ಲಂಗದಲ್ಲಿ ಬರಬಹುದು, ಅದು ಉಣ್ಣೆಯದಾಗಿದ್ದು ಅಂಚನ್ನು ದಾರದಿಂದ ಮೇಲಕ್ಕೆ ಎಳೆದು ಕಟ್ಟುವಂತಿದ್ದರೆ. ಲೂಸಿ ವಾಕರ್ 1871ರಲ್ಲಿ ಮ್ಯಾಟರ್‌ಹಾರ್ನ್ ಏರಿದ ಮೊದಲ ಮಹಿಳೆಯಾದದ್ದು ಲಂಗ ತೊಟ್ಟೇ. ಪಶ್ಚಿಮ ಆಫ್ರಿಕಾದಲ್ಲಿ ಪ್ರಾಣಿಗಳನ್ನು ಹಿಡಿಯಲು ತೋಡಿ ಚೂಪುಗೂಟ ನೆಟ್ಟಿದ್ದ ಗುಂಡಿಗೆ ಬಿದ್ದ ಇಂಗ್ಲಿಷ್ ಪ್ರವಾಸಿ ಮೇರಿ ಕಿಂಗ್ಸ್ಲಿ, ತನ್ನನ್ನು ಕಾಪಾಡಿದ್ದು ದಪ್ಪ ಲಂಗವೇ ಎಂದು ಬರೆದಿದ್ದಾರೆ.

ಇನ್ನು ಲಿವಿಂಗ್‌ಸ್ಟನ್ನೋ ಸ್ಟ್ಯಾನ್ಲಿಯೋ ಎಂಬುದು. ಈ ಆಯ್ಕೆಯನ್ನೇ ನಾನು ಒಪ್ಪುವುದಿಲ್ಲ. ಆ ಯುಗದ ದಾರಿಗಳನ್ನು ಸವೆಸಿದವರು ಅವರಿಬ್ಬರೇ ಅಲ್ಲ. 1873ರಲ್ಲಿ ತೀರಿಕೊಂಡ ಲಿವಿಂಗ್‌ಸ್ಟನ್‌ನ ದೇಹವನ್ನು ಕರಾವಳಿಯವರೆಗೆ ಹೊತ್ತು ತಂದವರು ಆತನ ಆಫ್ರಿಕನ್ ಅನುಚರರಾದ ಸೂಸಿ, ಚುಮಾ ಮತ್ತು ಅವರ ಸಂಗಡಿಗರು. ಅವರಲ್ಲಿದ್ದ ಜೇಕಬ್ ವೇನ್‌ರೈಟ್ ಓದಿದ್ದು ನಮ್ಮ ನಾಸಿಕದ ಬಳಿಯ ಮಿಷನ್ ಶಾಲೆಯಲ್ಲಿ. ನೀವು ಭಾರತೀಯರಾಗಿ ಒಬ್ಬರನ್ನು ಆರಿಸುವುದಾದರೆ ಕುಮಾವೂಂನ ನೈನ್ ಸಿಂಗ್ ರಾವತ್ ಆಗಿ. ವ್ಯಾಪಾರಿಯ ವೇಷದಲ್ಲಿ ಟಿಬೆಟ್ಟನ್ನು ಹೊಕ್ಕು, 1866ರ ಜನವರಿಯಲ್ಲಿ ಲಾಸಾ ತಲುಪಿ, ಹೆಜ್ಜೆಯೆಣಿಸಿಯೇ ದಾರಿಯನ್ನು ಅಳೆದವರು ಅವರು. 1877ರಲ್ಲಿ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ಕೊಟ್ಟಿತು. ಅವರಿಗೆ ಹೊಂದುವ ದಪ್ಪ ಉಣ್ಣೆಯ ನಿಲುವಂಗಿ ನಿಮ್ಮನ್ನು ಬೆಚ್ಚಗೂ ಇಡುತ್ತದೆ.

ಹೆಜ್ಜೆಯೆಣಿಸಲು ನೈನ್ ಸಿಂಗ್ ಬಳಸಿದ ಜಪಮಾಲೆಯಲ್ಲಿ 108ರ ಬದಲು 100 ಮಣಿಗಳಿದ್ದವು, ನೂರು ಹೆಜ್ಜೆಗೆ ಒಂದು ಮಣಿ ಸರಿಯುತ್ತಿತ್ತು. ಒಂದು ಸುತ್ತು ಮುಗಿದರೆ ಹತ್ತು ಸಾವಿರ ಹೆಜ್ಜೆ, ಅಂದರೆ ಸುಮಾರು 5 ಮೈಲಿ. ನೀವೂ ಅಂಥ ಮಾಲೆಯೊಂದನ್ನು ಕಟ್ಟಿಕೊಂಡು, ವಾಸ್ಡೇಲ್ ಹೆಡ್‌ನಿಂದ ಸ್ಟೈ ಹೆಡ್‌ವರೆಗೆ ಎಣಿಸಿ ನಕ್ಷೆಯೊಂದಿಗೆ ಹೋಲಿಸಿ ನೋಡಿ. ಸಮತಟ್ಟು ನೆಲದ ಹೆಜ್ಜೆ ಏರಿನಲ್ಲಿ ಗಿಡ್ಡವಾಗುತ್ತದೆ, ಆದ್ದರಿಂದ ಹೊರಡುವ ಮೊದಲು ನಿಮ್ಮೂರಿನ ಯಾವುದಾದರೂ ಏರುದಾರಿಯಲ್ಲಿ, ಅದೇ ನಿಲುವಂಗಿ ಮತ್ತು ಅದೇ ಬೂಟಿನಲ್ಲಿ, ನಿಮ್ಮ ಹೆಜ್ಜೆಯ ಉದ್ದವನ್ನು ಅಳೆದಿಟ್ಟುಕೊಳ್ಳಿ.