ಯಾವ ಇಂಪ್ಲಾಂಟ್ ಎಂದು ಕೇಳುವ ಮೊದಲು

ನಿಮಿರುವಿಕೆಗಾಗಿ ಶಸ್ತ್ರಚಿಕಿತ್ಸೆ ಮಾಡಿ ಶಿಶ್ನದೊಳಗೆ ಕೂರಿಸುವ ಸಾಧನ, ಅಂದರೆ ಇಂಪ್ಲಾಂಟ್, ಯಾವುದು ಒಳ್ಳೆಯದು, ಬಗ್ಗಿಸುವ ಕಡ್ಡಿಯೋ, ಪಂಪಿನದೋ ಎಂದು ಕೇಳಿದ್ದೀರಿ. ನಿಮಿರಿದಾಗ ಇನ್ನೂ ನೋವಿದೆ, 8 ತಿಂಗಳಿಂದ ಬಾಗು ಹೆಚ್ಚುತ್ತಲೇ ಇದೆ, ಗಟ್ಟಿತನವೂ ಕುಗ್ಗಿದೆ ಎಂದೂ ಬರೆದಿದ್ದೀರಿ. 6 ವರ್ಷದ ಹಿಂದೆ ನನ್ನ ಸ್ಥಿತಿಯೂ ಇದೇ ಆಗಿತ್ತು. ಆಗ ನನಗೆ 51 ವರ್ಷ, ಸಕ್ಕರೆ ಕಾಯಿಲೆಗೆ 11 ವರ್ಷ. ಶಿಶ್ನದ ಮೇಲ್ಭಾಗದಲ್ಲಿ ಹುಣಸೆ ಬೀಜದಷ್ಟು ಗಟ್ಟಿ ಗಂಟು ಕೈಗೆ ಸಿಗುತ್ತಿತ್ತು. ಒಳಗಿನ ಹೊದಿಕೆಯಲ್ಲಿ ನಾರು ಕಟ್ಟಿಕೊಂಡು ಅಷ್ಟು ಭಾಗ ಹಿಗ್ಗದಿರುವುದರಿಂದ ನಿಮಿರಿದಾಗ ಶಿಶ್ನ ಆ ಕಡೆಗೇ ಬಾಗುತ್ತದೆ. ಇದನ್ನು 1743ರಲ್ಲಿ ವಿವರಿಸಿದ ಫ್ರಾನ್ಸಿನ ಶಸ್ತ್ರವೈದ್ಯರ ಹೆಸರಿನಿಂದ ಪೆರೋನಿ ಕಾಯಿಲೆ ಎನ್ನುತ್ತಾರೆಂದು ತಿಳಿದಾಗ, ನನಗೊಬ್ಬನಿಗೇ ಬಂದ ಶಾಪವಲ್ಲವೆಂದು ಸಮಾಧಾನವಾಗಿತ್ತು.

ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಯುರಾಲಜಿಸ್ಟ್ ಬಳಿಗೆ ಭಾವಮೈದುನನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ವೈದ್ಯರು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸುತ್ತಾ, "ಗಟ್ಟಿಯಾಗುವುದರಲ್ಲಿ ತೊಂದರೆ ಇದೆಯೇ?" ಎಂದು ಕೇಳಿದರು. ಪಕ್ಕದಲ್ಲಿ ಅವನು ಕೂತಿದ್ದ. "ಇಲ್ಲ ಡಾಕ್ಟ್ರೇ, ಬಾಗಿರುವುದಷ್ಟೇ" ಎಂದುಬಿಟ್ಟೆ. ಆ ವೇಳೆಗಾಗಲೇ ನಿಮಿರಲು ನೆರವಾಗುವ ಸಿಲ್ಡೆನಾಫಿಲ್ ಮಾತ್ರೆಯನ್ನು ಔಷಧ ಅಂಗಡಿಯಿಂದ ಗುಟ್ಟಾಗಿ ತಂದು ನುಂಗಿ, ಅದೂ ಫಲ ಕೊಡದೆ 4 ತಿಂಗಳಾಗಿತ್ತು. ಚುಚ್ಚುಮದ್ದು ಕೊಟ್ಟು ನಿಮಿರಿಸಿ ರಕ್ತದ ಹರಿವನ್ನು ನೋಡುವ ಡಾಪ್ಲರ್ ಪರೀಕ್ಷೆ ಬರೆದುಕೊಟ್ಟಾಗ, ಅಗತ್ಯವಿಲ್ಲವೆಂದು ವಾದಿಸಿ ತಪ್ಪಿಸಿಕೊಂಡೆ. ನನ್ನ ಮಾತನ್ನು ನಂಬಿದ ವೈದ್ಯರು, ಬಾಗಿನ ಎದುರು ಬದಿಗೆ ಹೊಲಿಗೆ ಹಾಕಿ ನೇರ ಮಾಡುವ ಶಸ್ತ್ರಚಿಕಿತ್ಸೆಯನ್ನು ಮಾಡಿದರು. ಗಟ್ಟಿತನ ಚೆನ್ನಾಗಿರುವವರಿಗೆ ಅದು ಸರಿಯಾದ ಚಿಕಿತ್ಸೆಯೇ. ನನ್ನದು ನೇರವಾಯಿತು, ಆದರೆ ನಿಮಿರಲಿಲ್ಲ. ಉದ್ದದ ಬದಿಯನ್ನು ಮೊಟಕು ಮಾಡಿಯೇ ನೇರ ಮಾಡುವುದರಿಂದ, ಕಾಯಿಲೆ ಕಸಿದ ಉದ್ದದ ಜೊತೆಗೆ ಇನ್ನಷ್ಟು ಉದ್ದವನ್ನೂ ಕಳೆದುಕೊಂಡೆ. ನಿಜ ಹೇಳಿದ್ದರೆ ಎರಡೂ ತೊಂದರೆಗೆ ಒಂದೇ ಶಸ್ತ್ರಚಿಕಿತ್ಸೆ ಸಾಕಾಗುತ್ತಿತ್ತು.

ಎರಡನೆಯ ಸಲ ಹೆಂಡತಿಯೊಂದಿಗೆ ಹೋದೆ. ನಾನು ತಡವರಿಸಿದ ಕಡೆಯಲ್ಲೆಲ್ಲ ಅವಳೇ ಉತ್ತರ ಹೇಳಿದಳು. 3 ತಿಂಗಳ ಸರಾಸರಿ ಸಕ್ಕರೆ ಶೇ 9.4ರಿಂದ 7.2ಕ್ಕೆ ಇಳಿಯುವವರೆಗೂ ವೈದ್ಯರು ಇಂಪ್ಲಾಂಟ್ ಹಾಕಲು ದಿನಾಂಕ ಕೊಡಲಿಲ್ಲ, ಏಕೆಂದರೆ ಸಕ್ಕರೆ ಹೆಚ್ಚಿದ್ದರೆ ಸೋಂಕಿನ ಭಯ ಹೆಚ್ಚು, ಸೋಂಕು ತಗುಲಿದರೆ ಸಾಮಾನ್ಯವಾಗಿ ಇಡೀ ಸಾಧನವನ್ನೇ ಹೊರತೆಗೆಯಬೇಕಾಗುತ್ತದೆ. ಕೊನೆಗೆ ಮೂರು ಭಾಗದ ಪಂಪ್ ಇಂಪ್ಲಾಂಟ್ ಹಾಕಿದರು: ಶಿಶ್ನದೊಳಗೆ ಎರಡು ಸಿಲಿಂಡರ್, ಹೊಟ್ಟೆಯ ಕೆಳಭಾಗದಲ್ಲಿ ಸಲೈನ್ ತುಂಬಿದ ಚೀಲ, ವೃಷಣದ ಚೀಲದಲ್ಲಿ ಪಂಪ್. ಸುಮಾರು 6 ವಾರದ ನಂತರ, ಚರ್ಮದಡಿಯ ಆ ಪಂಪನ್ನು ಎರಡು ಬೆರಳಲ್ಲಿ ಹಿಡಿದು ಒತ್ತುವುದನ್ನು ಕಲಿಯಲು ನನಗೆ ಮೂರು ದಿನ ಬೇಕಾಯಿತು. ಸ್ಪರ್ಶ, ಸುಖ, ವೀರ್ಯಸ್ಖಲನ ಎಲ್ಲವೂ ಮೊದಲಿನಂತೆಯೇ ಇವೆ. ಹೋದ ಉದ್ದ ಮಾತ್ರ ಮರಳಲಿಲ್ಲ, ಅದನ್ನು ಯಾವ ಇಂಪ್ಲಾಂಟೂ ಮರಳಿ ಕೊಡುವುದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಈಗ ಅವಸರದ್ದು ಎನ್ನುತ್ತೇನೆ. ನೋವಿದ್ದು ಬಾಗು ಬದಲಾಗುತ್ತಿದೆಯೆಂದರೆ ಕಾಯಿಲೆ ಇನ್ನೂ ನೆಲೆಗೊಂಡಿಲ್ಲ. ಕೆಲವು ತಿಂಗಳು ಬಾಗು ಒಂದೇ ಸಮ ನಿಲ್ಲುವವರೆಗೆ ಶಸ್ತ್ರಚಿಕಿತ್ಸೆಗೆ ಹೋಗಬೇಡಿ. ಇಂಪ್ಲಾಂಟ್ ಹಾಕಿದ ಮೇಲೆ ಸಹಜ ನಿಮಿರುವಿಕೆಗೆ ಮರಳುವ ದಾರಿ ಇಲ್ಲ. ಮುಂದೆ ಇಂಪ್ಲಾಂಟೇ ಬೇಕಾದರೆ, ಬಾಗು ಹೆಚ್ಚಿರುವವರಿಗೆ ಪಂಪಿನದೇ ಮೇಲು ಎಂಬುದು ನನ್ನ ಅಭಿಪ್ರಾಯ. ಸಿಲಿಂಡರ್ ಉಬ್ಬಿಸಿ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ವಿರುದ್ಧ ದಿಕ್ಕಿಗೆ ಸುಮಾರು 90 ಸೆಕೆಂಡು ಬಗ್ಗಿಸಿ ಹಿಡಿದು ಗಂಟಿನ ಬಿಗಿಯನ್ನು ಸಡಿಲಿಸಬಹುದು. ಬಗ್ಗಿಸುವ ಕಡ್ಡಿ ಅಗ್ಗ, ಕೆಡುವ ಭಾಗಗಳೂ ಕಡಿಮೆ. ಮುಂಬೈನ ಡಾ. ರೂಪಿನ್ ಶಾ ರೂಪಿಸಿದ ಶಾ ಇಂಪ್ಲಾಂಟ್ ಆ ಬಗೆಯದು. ಹಣದ ಅಡಚಣೆ ಇರುವವರು, ಬೆರಳಲ್ಲಿ ಬಲವಿಲ್ಲದವರು ಅದನ್ನು ಆರಿಸಿಕೊಂಡರೆ ತಪ್ಪೇನಿಲ್ಲ.

ಮುಂದಿನ ಸಲ ನಿಮ್ಮ ಹೆಂಡತಿಯನ್ನು ಕರೆದುಕೊಂಡು ಹೋಗಿ, ನುಂಗಿದ ಮಾತ್ರೆಗಳ ಹೆಸರನ್ನು ಬರೆದುಕೊಂಡು ಹೋಗಿ, ಡಾಪ್ಲರ್ ಬೇಡವೆನ್ನಬೇಡಿ. ಸರಿಯಾದ ಪ್ರಮಾಣದ ಮಾತ್ರೆಗೋ ಚುಚ್ಚುಮದ್ದಿಗೋ ಸಾಕಷ್ಟು ಗಟ್ಟಿಯಾಗುತ್ತದೆಂದು ಗೊತ್ತಾದರೆ, ಈ ಎರಡು ಸಾಧನಗಳಲ್ಲಿ ಯಾವುದೂ ನಿಮಗೆ ಸದ್ಯಕ್ಕೆ ಬೇಕಾಗಲಿಕ್ಕಿಲ್ಲ.